ತಾಯಿ–ಮಗು: ನಿಮ್ಮ ಪ್ರಶ್ನೆ, ಅಕ್ಕನ ಉತ್ತರ

ಪ್ರಶ್ನೆ: ನನಗೀಗ ಏಳು ತಿಂಗಳು. ವಿಜಯಪುರದಲ್ಲಿ ನಮ್ಮದು ಪತ್ರಾಸಿನ ಮನೆ. ಮಧ್ಯಾಹ್ನ ಫ್ಯಾನ್ ಹಾಕಿದರೆ ಬಿಸಿಗಾಳಿಯೇ ಬಡಿಯುತ್ತದೆ. ನೀರು ಜಾಸ್ತಿ ಕುಡಿದರೆ ಕಾಲಿಗೆ ಬಾವು ಬರುತ್ತದೆ ಅಂತಾರೆ ಅತ್ತೆ. ತವರು ಇಂಡಿ ಹತ್ತಿರ, ಮಣ್ಣಿನ ಮಾಳಿಗೆ ಮನೆ. ಕುಬಸ ಮುಗಿದಿದೆ. ಆದರೂ ಒಂಬತ್ತರಲ್ಲಿ ಹೋದರಾಯ್ತು ಅಂತಾರೆ. ಈ ಬಿಸಿಲಿಂದ ಕೂಸಿಗೆ ತೊಂದರೆ ಆಗುತ್ತಾ ಅಕ್ಕಾ?

ಉತ್ತರ: ಈಗಲೇ ಹೋಗು ತಂಗಿ. ಹೊತ್ತು ಇಳಿದ ಮೇಲೆ ಹೊರಡು. ತಾಯಿ ಕಾರ್ಡ್ ಮರೀಬೇಡ.

ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು ನಾನು. ಏಪ್ರಿಲ್ ಬಂತೆಂದರೆ ಎಂಟು ತಿಂಗಳಿಗೇ ಹೊಟ್ಟೆ ಬಿಗಿ ಹಿಡಿದು ಬರುವವರು ಇದ್ದೇ ಇರುತ್ತಿದ್ದರು. ನಾಲಿಗೆ ನೋಡಿದರೆ ಒಣಗಿ ಕಟ್ಟಿಗೆ. ಸಲೈನ್ ಏರಿಸಿದರೆ ಕೆಲವರಿಗೆ ನೋವು ಇಳಿಯುತ್ತಿತ್ತು, ಕೆಲವರಿಗೆ ಹೆರಿಗೆಯೇ ಆಗುತ್ತಿತ್ತು.

ಸೆಕೆ ಏರಿದಾಗ ಮೈ ತಂಪು ಮಾಡಲು ರಕ್ತ ಚರ್ಮದ ಕಡೆ ಹರಿಯುತ್ತದೆ. ಮಾಸಿಗೆ, ಅಂದರೆ ಗರ್ಭದಲ್ಲಿ ಕೂಸನ್ನು ಪೋಷಿಸುವ ಪ್ಲಾಸೆಂಟಾಕ್ಕೆ, ಹೋಗುವುದು ಕಡಿಮೆಯಾಗಬಹುದು. ಒಳಗಿನ ಕೂಸು ಬೆವರಲಾರದು, ಅದರ ಕಾವೂ ನಿನ್ನ ಮೈಯಿಂದಲೇ ಹೊರಬೀಳಬೇಕು. 27 ದೇಶಗಳ 70 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಒಂದು ವರದಿ 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಬಿಸಿಗಾಳಿಯ ದಿನಗಳಲ್ಲಿ ಅವಧಿಗೆ ಮೊದಲೇ, ಅಂದರೆ 37 ವಾರ ತುಂಬುವ ಮುಂಚೆ, ಹೆರಿಗೆಯಾಗುವ ಸಾಧ್ಯತೆ ಸುಮಾರು ಶೇ. 16 ಹೆಚ್ಚು ಅಂತ ಅದರಲ್ಲಿತ್ತು. ಗಾಬರಿಯಾಗಬೇಡ. ನೂರರಲ್ಲಿ ಹತ್ತು ಮಂದಿಗೆ ಆಗುವುದು ಹನ್ನೊಂದು ಚಿಲ್ಲರೆ ಮಂದಿಗೆ ಆದ ಹಾಗೆ, ಅಷ್ಟೆ. ಆದರೆ ಮಾಳಿಗೆ ಮನೆ ಇರುವಾಗ ಪತ್ರಾಸಿನ ಕೆಳಗೆ ಯಾಕೆ ಬೇಯಬೇಕು?

ಅತ್ತೆಗೆ ಹೇಳು: ಬಾವು ನೀರು ಕುಡಿದಿದ್ದಕ್ಕೆ ಬರುವುದಲ್ಲ. ಮುಖಕ್ಕೂ ಬಾವು ಬಂದು, ತಲೆನೋವು, ಕಣ್ಣು ಮಂಜು ಶುರುವಾದರೆ ಅದು ಬಿಪಿ ಇರಬಹುದು, ಅವತ್ತೇ ಆಸ್ಪತ್ರೆಗೆ ಓಡಬೇಕು. ನೀರು, ಮಜ್ಜಿಗೆ, ಅಂಬಲಿ ಕುಡಿಯುತ್ತಿರು. ಮೂತ್ರ ಗಾಢ ಹಳದಿ ಆದರೆ ಸಾಲುತ್ತಿಲ್ಲ ಅಂತ ಲೆಕ್ಕ. ಹೊರಡುವವರೆಗೆ ಒದ್ದೆ ಬಟ್ಟೆಯಿಂದ ಕೈಕಾಲು ಒರೆಸಿಕೊಂಡು ಆಮೇಲೆ ಫ್ಯಾನ್ ಕೆಳಗೆ ಕೂತುಕೋ. ಹೊಟ್ಟೆ ಮತ್ತೆ ಮತ್ತೆ ಬಿಗಿಯಾದರೆ, ಕೂಸಿನ ಹೊರಳಾಟ ಕಡಿಮೆಯಾದರೆ, 108ಕ್ಕೆ ಫೋನ್ ಮಾಡು.

ತವರಿನಲ್ಲಿ ಇನ್ನೊಂದು ಜಗಳ ಕಾದಿದೆ, ಈಗಲೇ ಹೇಳಿಬಿಡುತ್ತೇನೆ. ಹೆರಿಗೆಯಾದ ಮೇಲೆ ನಿಮ್ಮವ್ವ ಕಿಟಕಿ ಮುಚ್ಚಿ, ಮಂಚದ ಕೆಳಗೆ ಕುಳ್ಳಿನ ಕೆಂಡ ಇಟ್ಟು, ಕೂಸಿಗೆ ಕುಂಚಿಗೆ ಬಿಗಿಯುತ್ತಾರೆ. ಡಿಸೆಂಬರ್ ಕೂಸಿಗೆ ಕುಂಚಿಗೆ ಬೇಕೇ ಬೇಕು. ಬಿರುಬೇಸಿಗೆಯಲ್ಲಿ ತೆಳುವಾದ ಹತ್ತಿ ಅಂಗಿ ಸಾಕು. ಹೊಗೆಯಂತೂ ಯಾವ ಕಾಲಕ್ಕೂ ಬೇಡ. ಬಾಯಾರಿದೆ ಅಂತ ಚಮಚ ನೀರು ಹಾಕಲು ಬಂದರೆ ತಡಿ. ಆರು ತಿಂಗಳವರೆಗೆ ನಿನ್ನ ಹಾಲಲ್ಲೇ ನೀರಿದೆ.