ಹೆಸರಿಲ್ಲದ ಚೀಟಿ ಅಚ್ಚಿಗೆ ಹೋಗಬಹುದೇ?

ಪ್ರಶ್ನೆ: ನಮ್ಮ ಯಕ್ಷಗಾನ ಸಂಘ ತಿಂಗಳಿಗೊಮ್ಮೆ ನಾಲ್ಕು ಪುಟದ ವಾರ್ತಾಪತ್ರ ತರುತ್ತದೆ. ಆಟ ಮುಗಿದ ಮೇಲೆ ಪ್ರೇಕ್ಷಕರ ಅಭಿಪ್ರಾಯಕ್ಕೆ ಪೆಟ್ಟಿಗೆ ಇಡುತ್ತೇವೆ. ಟೀಕೆಯ ಚೀಟಿಗಳಲ್ಲಿ ಹೆಸರೇ ಇರುವುದಿಲ್ಲ. ಕಡ್ಡಾಯ ಮಾಡಿದರೆ ಯಾರೂ ಬರೆಯುವುದಿಲ್ಲ. ಏನು ಮಾಡೋಣ?
– ಕಾರ್ಯದರ್ಶಿ, ಕುಮಟಾ

ಉತ್ತರ: ಹೆಸರು ಅಚ್ಚಾಗದಿದ್ದರೆ ತೊಂದರೆಯಿಲ್ಲ, ಸಂಪಾದಕರಿಗೂ ಗೊತ್ತಿರದಿದ್ದರೆ ತೊಂದರೆ. ಬರೆದವರು ಸಿಗದಾಗ ಅಚ್ಚು ಹಾಕಿದವರೇ ಉತ್ತರ ಹೇಳಬೇಕಾಗುತ್ತದೆ. ಚೀಟಿಯ ಕೆಳಗೆ ಹರಿದು ತೆಗೆಯುವಂಥ ಒಂದು ತುಂಡು ಇಡಿ. ಎರಡೂ ಭಾಗಕ್ಕೆ ಒಂದೇ ಸಂಖ್ಯೆ. ತುಂಡಿನಲ್ಲಿ ಹೆಸರು, ಫೋನ್, ಜೊತೆಗೆ ‘ಹೆಸರು ಹಾಕಬೇಡಿ’ ಎಂದು ಗುರುತು ಮಾಡಲು ಒಂದು ಚೌಕ. ತುಂಡುಗಳು ಒಬ್ಬರ ಬೀಗದಲ್ಲಿರಲಿ, ಸಮಿತಿಯ ಮೇಜಿಗೆ ಬರುವುದು ಬೇಡ. ಕೋರ್ಟ್ ಆದೇಶ ಬಂದರೆ ಹೆಸರು ಕೊಡಬೇಕಾಗಬಹುದು ಎಂದು ಚೀಟಿಯಲ್ಲೇ ಹೇಳಿಬಿಡಿ. ಮಾನಹಾನಿಯ ಸಿವಿಲ್ ದಾವೆಗೆ 1 ವರ್ಷ, ಕ್ರಿಮಿನಲ್ ದೂರಿಗೆ 3 ವರ್ಷ ಕಾಲಮಿತಿ. ಅಚ್ಚಾದ ಚೀಟಿಗಳನ್ನು 3 ವರ್ಷ ಇಟ್ಟು ಆಮೇಲೆ ಸುಟ್ಟುಬಿಡಿ. ಅಚ್ಚಾಗದವನ್ನು ಕೂಡಿಡುವ ಅಗತ್ಯವಿಲ್ಲ.

ಎಂಥ ಟೀಕೆ ಹಾಕಬಹುದು ಎಂಬುದು ಇದಕ್ಕಿಂತ ಮುಖ್ಯ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಮಾನಹಾನಿಯನ್ನು ಅಪರಾಧ ಎನ್ನುತ್ತದೆ. ಆದರೆ ಸಾರ್ವಜನಿಕರ ಮುಂದಿಟ್ಟ ಪ್ರದರ್ಶನದ ಗುಣದೋಷವನ್ನು ಸದ್ಭಾವನೆಯಿಂದ ಹೇಳಿದರೆ ಅದು ಮಾನಹಾನಿಯಲ್ಲ ಎಂಬ ವಿನಾಯಿತಿಯೂ ಅಲ್ಲೇ ಇದೆ. ರಂಗಕ್ಕೆ ಬಂದ ನಟ, ಗಾಯಕ ತನ್ನ ಕಲೆಯನ್ನು ಜನರ ತೀರ್ಪಿಗೆ ಒಡ್ಡಿದ್ದಾನೆ ಎಂದೇ ಕಾನೂನಿನ ವಿವರಣೆ. ಹಾಗಾಗಿ ‘ಭಾಗವತರ ಪದ್ಯ ಚಂಡೆಯ ಅಬ್ಬರದಲ್ಲಿ ಕೇಳಲಿಲ್ಲ’, ‘ಅರ್ಥಗಾರಿಕೆ ಪ್ರಸಂಗ ಬಿಟ್ಟು ಅಲೆಯಿತು’ ಎಂಬುವನ್ನು ಹೆಸರಿಲ್ಲದೆಯೂ ಹಾಕಿ. ‘ಕುಡಿದು ಬಂದಿದ್ದ’ ಎಂಬುದು ಪ್ರದರ್ಶನದ ವಿಮರ್ಶೆಯಲ್ಲ, ವ್ಯಕ್ತಿಯ ಮೇಲಿನ ಆರೋಪ. ಅದು ಬೇಡ. ‘ಚಂದಾ ಹಣ ತಿಂದರು’ ಎಂಬ ಚೀಟಿ ಬಂದರೆ ಲೆಕ್ಕಪುಸ್ತಕ ನೋಡಿ, ಪತ್ರಿಕೆಗೆ ತರಬೇಡಿ. ಬೆದರಿಕೆ ಇದ್ದರೆ ಮೂಲ ಚೀಟಿಯನ್ನು ಕವರಿನೊಳಗಿಟ್ಟು ಪೊಲೀಸರಿಗೆ ಕೊಡಿ; ಅನಾಮಧೇಯ ಬೆದರಿಕೆಗೆ 351ನೇ ಕಲಮಿನಲ್ಲಿ ಹೆಚ್ಚುವರಿ ಶಿಕ್ಷೆಯೇ ಇದೆ.

ಕಾವ್ಯನಾಮ ಇರಲಿ, ಆದರೆ ಒಬ್ಬರಿಗೆ ಒಂದೇ. ಇಲ್ಲವಾದರೆ ಒಬ್ಬನೇ ಮೂರು ಹೆಸರಲ್ಲಿ ತನ್ನ ವಾದಕ್ಕೆ ತಾನೇ ಭೇಷ್ ಎನ್ನುತ್ತಾನೆ. ಟೀಕೆಗೊಳಗಾದ ಕಲಾವಿದರಿಗೆ ಮುಂದಿನ ಸಂಚಿಕೆಯಲ್ಲಿ ಅಷ್ಟೇ ಜಾಗ ಕೊಡಿ, ಅಲ್ಲಿಗೆ ಚರ್ಚೆ ಮುಗಿಸಿ. ಹೊಗಳಿಕೆಯ ಚೀಟಿಗೆ ಹೆಸರು ಕೇಳಬೇಕಾಗಿಲ್ಲ, ಅವರೇ ದಪ್ಪಕ್ಷರದಲ್ಲಿ ಬರೆದಿರುತ್ತಾರೆ.

ಪ್ರಶ್ನೆ: ಹೆಸರು ಮುಚ್ಚಿಟ್ಟರೂ ಬರೆದವರು ಯಾರೆಂದು ಊರವರು ಪತ್ತೆ ಮಾಡಿಬಿಟ್ಟರು. ಎಲ್ಲಿ ತಪ್ಪಿತು?
– ಓದುಗರೊಬ್ಬರು, ಶಿರಸಿ

ಉತ್ತರ: ಬಹುಶಃ ಬರಹವೇ ಹೇಳಿಕೊಟ್ಟಿದೆ. ಸಣ್ಣ ಊರಿನಲ್ಲಿ ಕೈಬರಹ ಮುಖದಷ್ಟೇ ಪರಿಚಿತ. ಚೀಟಿಯ ಫೋಟೋ ಹಾಕದೆ ಟೈಪ್ ಮಾಡಿಸಿ. ‘ಚೊಲೋ ಆಜಿಲ್ಲೆ’ ಎಂದು ಬರೆದರೆ ಹವ್ಯಕರ ಮನೆಯದೆಂದು ಗೊತ್ತಾಗುತ್ತದೆ, ಅದನ್ನು ಗ್ರಾಂಥಿಕ ಕನ್ನಡಕ್ಕೆ ತರಬಹುದು. ‘ಎದುರಿನ ಸಾಲಿನಲ್ಲಿ ಮಗಳ ಜೊತೆ ಕೂತಿದ್ದೆ’, ‘ಮೂವತ್ತು ವರ್ಷದಿಂದ ಮದ್ದಳೆ ಬಾರಿಸಿದವನು’ ಎಂಬಂಥ ಸಾಲುಗಳನ್ನು ಕಿತ್ತು, ಕೊನೆಗೆ ‘ಸಂಕ್ಷೇಪಿಸಿದೆ’ ಎಂದು ಹಾಕಿ. ತಿದ್ದಿದ್ದನ್ನು ಬರೆದವರಿಗೆ ಫೋನಿನಲ್ಲಿ ಓದಿ ಹೇಳಿ; ಅವರು ಬೇಡವೆಂದರೆ ಚೀಟಿ ಕೈಬಿಡಿ. ಒಂದೇ ಚೀಟಿ ಬಂದ ಆಟದ ಅಭಿಪ್ರಾಯವನ್ನು ತಿಂಗಳು ತಡೆದು, ಬೇರೆ ಆಟದವುಗಳ ಜೊತೆ ಸೇರಿಸಿ ಹಾಕಿ.