ಹಣ್ಣಾಗದ ಹುಳುವನ್ನು ಚಂದ್ರಿಕೆಗೆ ಬಿಡಬೇಡಿ

ಓದುಗರ ಪತ್ರ

ಮಾನ್ಯ ಸಂಪಾದಕರೇ,
ನಾನು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯವಳು. ವಯಸ್ಸು 43. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಆರು ವರ್ಷ ಹಿಡಿದು ಒಂದು ಕಾದಂಬರಿ ಬರೆದಿದ್ದೇನೆ. ಊರಿನ ಕೆರೆ ಬತ್ತಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಕಾಲದ ಕಥೆ. ಮೂವರು ಪ್ರಕಾಶಕರಿಗೆ ಕಳಿಸಿದೆ. ಇಬ್ಬರಿಂದ ಉತ್ತರವೇ ಬರಲಿಲ್ಲ. ಮೂರನೆಯವರು ಹತ್ತೇ ದಿನದಲ್ಲಿ ಒಪ್ಪಿದರು. 300 ಪ್ರತಿಗೆ 60,000 ರೂಪಾಯಿ ಕಟ್ಟಬೇಕಂತೆ, ಪಾತ್ರಗಳ ತೆಲುಗು ಮಾತುಗಳನ್ನು ತೆಗೆಯಬೇಕಂತೆ. ಒಂದು ಬೆಳೆಯ ಗೂಡಿನ ಹಣ ಕೈಯಲ್ಲಿದೆ. ಕಟ್ಟಿಬಿಡಲೇ, ಇನ್ನೂ ಕಾಯಲೇ? ಬೆಂಗಳೂರಿನಲ್ಲಿ ಇಲ್ಲದವರಿಗೆ ಇದೆಲ್ಲ ದಕ್ಕುತ್ತದೆಯೇ? ದಯವಿಟ್ಟು ನನ್ನ ಹೆಸರು ಹಾಕಬೇಡಿ.

ಸಂಪಾದಕರ ಉತ್ತರ

ತಾಯೀ, ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ. ಸ್ಥಳವಿಲ್ಲದೆ ಅದರ ಬಹುಭಾಗವನ್ನು ಇಲ್ಲಿ ಬಿಡಬೇಕಾಯಿತು. ಬಿಟ್ಟ ಭಾಗದಲ್ಲಿದ್ದ ಒಂದು ಸಂಗತಿಯನ್ನು ಮಾತ್ರ ಓದುಗರಿಗೆ ಹೇಳದೆ ಇರಲಾರೆ. ಹುಳುಗಳು ನಾಲ್ಕನೆಯ ಜ್ವರದಿಂದ (ಪೊರೆ ಕಳಚುವ ನಿದ್ದೆಗೆ ಸಾಕುವವರು ಜ್ವರವೆನ್ನುತ್ತಾರೆ) ಎದ್ದ ಮೇಲೆ ಏಳೆಂಟು ದಿನ ನೀವು ಪೆನ್ನು ಮುಟ್ಟುವುದಿಲ್ಲವೆಂದೂ, ರಾತ್ರಿ ಕೊನೆಯ ಸೊಪ್ಪು ಹಾಕಿ ಹುಳುಮನೆಯ ಬಾಗಿಲಲ್ಲಿ ಕೂತರೆ ಅವು ಮೇಯುವ ಸದ್ದು ಹೆಂಚಿನ ಮೇಲೆ ಮಳೆ ಬಿದ್ದಂತೆ ಕೇಳುತ್ತದೆಂದೂ, ಆ ಸದ್ದಿನಲ್ಲಿಯೇ ಮುಂದಿನ ಅಧ್ಯಾಯವನ್ನು ಮನಸ್ಸಿನಲ್ಲಿ ಹೊಸೆಯುತ್ತೀರೆಂದೂ ಬರೆದಿದ್ದೀರಿ. ಬೆಳೆಯಿಂದ ಬೆಳೆಗೆ, ಸೊಪ್ಪು ಚಿಗುರುವ ಬಿಡುವಿನಲ್ಲಿ, ಲೆಕ್ಕದ ಪುಸ್ತಕದ ಖಾಲಿ ಹಾಳೆಗಳಲ್ಲಿ ಬೆಳೆದ ಕಾದಂಬರಿ ನಿಮ್ಮದು. ಇಂಥದ್ದಕ್ಕಾಗಿಯೇ ನಾನು ಈ ಪತ್ರಿಕೆಯ ಅಂಚೆಯನ್ನು ಪ್ರತಿದಿನ ಕಾಯುತ್ತೇನೆ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹಣ ಕಟ್ಟಬೇಡಿ.

ಸ್ವಂತ ಹಣದಲ್ಲಿ ಪುಸ್ತಕ ತರುವುದು ಅವಮಾನವೆಂದು ನಾನು ತಿಳಿದಿಲ್ಲ. ಗಳಗನಾಥರು ತಮ್ಮ ಪುಸ್ತಕಗಳ ಹೊರೆ ಹೊತ್ತು ಊರೂರು ಅಲೆದು ಮಾರಿದರು, ಕನ್ನಡಕ್ಕೆ ಕಾದಂಬರಿಯ ಓದುಗರನ್ನು ಗಳಿಸಿಕೊಟ್ಟರು. ಅಂಥ ಛಲ ಇರುವವರು, ಮಾರುವ ದಾರಿಯನ್ನೂ ತಾವೇ ಕಂಡುಕೊಂಡವರು, ತಾವೇ ಅಚ್ಚು ಹಾಕಿಸಿಕೊಳ್ಳಲಿ. ನಿಮ್ಮ ಮುಂದಿರುವ ಮಾತು ಬೇರೆ. ಆ ಪ್ರಕಾಶಕರು ನಿಮ್ಮ ಪುಸ್ತಕವನ್ನು ಓದುಗರಿಗೆ ಮಾರಲು ಹೊರಟಿಲ್ಲ, ನಿಮಗೇ ಮಾರಲು ಹೊರಟಿದ್ದಾರೆ. ನಿಮ್ಮ ಕೈಬರಹದ ನಾನೂರಕ್ಕೂ ಹೆಚ್ಚು ಪುಟಗಳು ಹತ್ತು ದಿನದಲ್ಲಿ ಒಪ್ಪಿಗೆಯಾದವು ಎಂದಾಗಲೇ ನಿಮಗೆ ಸಂಶಯ ಬರಬೇಕಾಗಿತ್ತು. ತೆಲುಗು ಮಾತುಗಳನ್ನು ತೆಗೆಯಿರಿ ಎಂಬುದನ್ನು ಬಿಟ್ಟರೆ ಅವರ ಕಾಗದದಲ್ಲಿ ನಿಮ್ಮ ಕಥೆಯ ಬಗ್ಗೆ ಒಂದು ಸಾಲೂ ಇಲ್ಲ. ಕೆರೆಯ ಹೆಸರಿಲ್ಲ, ಯಾವ ಪಾತ್ರದ ಹೆಸರೂ ಇಲ್ಲ.

ಅವರು ಕಳಿಸಿದ ಕರಾರಿನ ನಕಲನ್ನೂ ನೋಡಿದೆ. ಅದರಲ್ಲಿ ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆಗೆಂದು ಶುಲ್ಕ ಕೇಳಿದ್ದಾರೆ. ನಮ್ಮ ದೇಶದಲ್ಲಿ ಆ ಸಂಖ್ಯೆಯನ್ನು ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಇನ್ನು, ‘ಸರ್ವ ಹಕ್ಕುಗಳೂ ಪ್ರಕಾಶಕರವು’ ಎಂಬ ಸಾಲಿನ ಕೆಳಗೆ ಸಹಿ ಹಾಕುವ ಲೇಖಕರು ತಾವು ಏನನ್ನು ಕೊಟ್ಟುಬಿಡುತ್ತಿದ್ದೇವೆಂದು ಯೋಚಿಸುವುದೇ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ನೀವು ಬದುಕಿರುವವರೆಗೂ, ಆಮೇಲೆ 60 ವರ್ಷ ನಿಮ್ಮ ವಾರಸುದಾರರಿಗೂ ಅದು ಉಳಿಯುತ್ತದೆ. ಹಕ್ಕನ್ನು ಒಪ್ಪಿಸುವ ಕರಾರಿನಲ್ಲಿ ಅವಧಿಯನ್ನು ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷವೆಂದೇ ತಿಳಿಯುತ್ತದೆ. ನಿಮ್ಮ ಕರಾರಿನಲ್ಲಿ ‘ಶಾಶ್ವತವಾಗಿ’ ಎಂದು ಬರೆದಿರುವುದು ಅದನ್ನು ಬಲ್ಲವರೇ. ಒಂದು ಬೆಳೆಯ ದುಡಿಮೆಯನ್ನೂ ಆರು ವರ್ಷದ ಕಾದಂಬರಿಯನ್ನೂ ಒಟ್ಟಿಗೆ ಕೊಟ್ಟು ನೀವು ಪಡೆಯುವುದು 300 ಪ್ರತಿಗಳ ಕಟ್ಟುಗಳನ್ನು.

ಇದನ್ನು ನಾನು ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. ಇಪ್ಪತ್ತಾರನೆಯ ವಯಸ್ಸಿನಲ್ಲಿ ನಾನೂ ಒಂದು ಕಾದಂಬರಿ ಬರೆದಿದ್ದೆ. ಅಮ್ಮನ ಎರಡು ಬಳೆಗಳನ್ನು ಅಡವಿಟ್ಟು, ಬೆಂಗಳೂರಿನ ಒಂದು ಮುದ್ರಣಾಲಯದಲ್ಲಿ ಸಾವಿರ ಪ್ರತಿ ಹಾಕಿಸಿದೆ. ಒಂದು ತಿಂಗಳೊಳಗೆ ಪುಸ್ತಕ ಕೈಗೆ ಬಂತು. ಅಚ್ಚಿಗೆ ಹೋಗುವ ಮುನ್ನ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದವನು ಅಚ್ಚಿನ ಮೊಳೆ ಜೋಡಿಸಿದ ಹುಡುಗನೊಬ್ಬನೇ. ಆರು ತಿಂಗಳಾದ ಮೇಲೆ ಮುಳಬಾಗಿಲಿನ ನಿವೃತ್ತ ಶಿಕ್ಷಕರೊಬ್ಬರು, ಪೂರ್ತಿ ಓದಿದ ಒಬ್ಬರೇ ಒಬ್ಬರು, ಬಸ್ ನಿಲ್ದಾಣದಲ್ಲಿ ಸಿಕ್ಕಿ, ಬಹಳ ಅಕ್ಕರೆಯಿಂದ, ‘ನಿಮ್ಮ ಕಾದಂಬರಿ ಶುರುವಾಗುವುದು 61ನೆಯ ಪುಟದಲ್ಲಿ’ ಎಂದರು. ಮನೆಗೆ ಬಂದು ಆ ಪುಟ ತೆರೆದೆ. ಅವರ ಮಾತು ನಿಜವಾಗಿತ್ತು. ಅದಕ್ಕೆ ಹಿಂದಿನ 60 ಪುಟಗಳು ನನಗೆ ಕಥೆಯ ಒಳಗೆ ಹೋಗಲು ಬೇಕಾಗಿದ್ದವು, ಓದುಗರಿಗೆ ಬೇಕಾಗಿರಲಿಲ್ಲ. ಅದೇ ಮಾತನ್ನು ಒಂದು ವರ್ಷ ಮೊದಲು ಯಾರಾದರೂ ಹೇಳಿದ್ದರೆ ಆ ಪುಸ್ತಕ ಇಂದಿಗೂ ಬದುಕಿರುತ್ತಿತ್ತೇನೋ. ಬಳೆಗಳು ಮನೆಗೆ ಮರಳಲಿಲ್ಲ. ಅಮ್ಮ ಅದನ್ನು ಒಂದು ದಿನವೂ ಎತ್ತಿ ಆಡಲಿಲ್ಲ.

ನಿಮ್ಮ ಕಸುಬನ್ನು ನಿಮಗೆ ಹೇಳಿಕೊಡುವ ಧಾರ್ಷ್ಟ್ಯ ನನಗಿಲ್ಲ, ಆದರೂ ಕೇಳುತ್ತೇನೆ. ಹುಳು ಹಣ್ಣಾಗುವ ಮೊದಲೇ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಡುತ್ತೀರಾ? ಮೈ ಪಾರದರ್ಶಕವಾಗಿ ಹೊಳೆದು, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುವ ಹುಳುವನ್ನಷ್ಟೇ ಆರಿಸಿ ಬಿಡುತ್ತೀರಿ. ಗೂಡು ಕಟ್ಟಿದ ಮೇಲೂ, ಒಳಗಿನ ಹುಳು ಕೋಶವಾಗಿ ಗಟ್ಟಿಯಾಗುವ ಮುನ್ನ ಬಿಡಿಸಿದರೆ ಅದು ಒಡೆದು ಗೂಡೆಲ್ಲ ಕಲೆಯಾಗುತ್ತದೆ, ನೂಲು ತೆಗೆಯುವ ರೀಲರು ಅದನ್ನು ಕೈಯಲ್ಲಿ ಹಿಡಿದ ಕೂಡಲೇ ಬದಿಗಿಡುತ್ತಾರೆ. ಹುಳು ತನ್ನ ಬಾಳಿನಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ 80 ಪಾಲಿಗೂ ಹೆಚ್ಚನ್ನು ಆ ಕೊನೆಯ ಜ್ವರದ ಮೇಲಿನ ಏಳೆಂಟು ದಿನಗಳಲ್ಲಿಯೇ ತಿನ್ನುತ್ತದೆ. ಕಾದಂಬರಿಗೂ ಅಂಥ ದಿನಗಳಿವೆ. ಕಥೆ ಮುಗಿಯಿತೆಂದು ಬರೆದವರು ನಿಟ್ಟುಸಿರು ಬಿಡುವಾಗಲೇ ಹೆಚ್ಚಿನ ಸೊಪ್ಪು ಬೇಡುವ ಕಾಲ ಬಂದಿರುತ್ತದೆ.

ನಿಮ್ಮನ್ನು ಸ್ವಲ್ಪ ಗದರಬೇಕಾದದ್ದು ಇಲ್ಲಿಯೇ. ‘ಬರೆದು ಮುಗಿಸಿದ ವಾರವೇ ಮಗಳಿಂದ ಟೈಪ್ ಮಾಡಿಸಿ ಮೂವರಿಗೂ ಕಳಿಸಿದೆ, ಮತ್ತೆ ತಿರುಗಿ ಓದುವ ಧೈರ್ಯವಾಗಲಿಲ್ಲ’ ಎಂದು ಬರೆದಿದ್ದೀರಿ. ಆರು ವರ್ಷ ತಾಳಿದವರು ಆರು ತಿಂಗಳು ತಾಳಲಿಲ್ಲವೇಕೆ? ಜೊತೆಗೆ ಆ ಮೂರನೆಯವರು ನಿಮ್ಮ ಯೂನಿಕೋಡ್ ಪಠ್ಯವನ್ನು ‘ನುಡಿ’ ತಂತ್ರಾಂಶದ ಅಕ್ಷರಗಳಿಗೆ ಬದಲಿಸಿದಾಗ ಅರ್ಕಾವೊತ್ತುಗಳು ಸ್ಥಾನ ತಪ್ಪಿವೆ, ಅವರು ಕಳಿಸಿದ ಮಾದರಿ ಪುಟದಲ್ಲಿಯೇ ಹನ್ನೊಂದು ತಪ್ಪುಗಳಿವೆ; ನೀವು ಅದನ್ನೂ ಗಮನಿಸಿಲ್ಲ. ನಿಮ್ಮ ಅತ್ತೆಯವರಿಗೆ ಓದು ಬರುವುದಿಲ್ಲ, ಆದರೆ ಕೆರೆಯ ಕಥೆಯೆಲ್ಲ ಅವರಿಂದಲೇ ಬಂದದ್ದು ಎಂದಿದ್ದೀರಿ. ಸಂಜೆ ಅವರೆದುರು ಕೂತು ಗಟ್ಟಿಯಾಗಿ ಓದಿ. ಅವರು ಎಲ್ಲಿ ಎದ್ದು ಹಸುವಿಗೆ ಹುಲ್ಲು ಹಾಕಲು ಹೋಗುತ್ತಾರೋ ಅಲ್ಲಿ ಸೀಸದ ಕಡ್ಡಿಯಲ್ಲಿ ಒಂದು ಗುರುತು ಹಾಕಿ.

ಬೆಂಗಳೂರಿನ ಮಾತು ಕೇಳಿದ್ದೀರಿ. ಮಾಸ್ತಿಯವರು ಹುಟ್ಟಿದ್ದು ನಮ್ಮ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ, 1891ರಲ್ಲಿ. ಮೈಸೂರು ಸಂಸ್ಥಾನದ ಸರ್ಕಾರಿ ಕೆಲಸದ ನಡುವೆಯೇ ಅವರು ಕಥೆ ಬರೆದರು. ಜ್ಞಾನಪೀಠ ತಂದುಕೊಟ್ಟ ‘ಚಿಕವೀರ ರಾಜೇಂದ್ರ’ ಹೊರಬಂದಾಗ ಅವರಿಗೆ 65 ವರ್ಷ. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 1963ರಲ್ಲಿ ಪ್ರಕಟವಾಯಿತು; ಆಗ ಅವರು ನಿಮಗಿಂತ ಎರಡು ಮೂರು ವರ್ಷ ದೊಡ್ಡವರು. ಕುವೆಂಪು ಅವರ ಮೊದಲ ಕಾದಂಬರಿಗೂ ಎರಡನೆಯದಕ್ಕೂ ನಡುವೆ 31 ವರ್ಷಗಳಿವೆ. ಇವರಲ್ಲಿ ಯಾರನ್ನೂ ಯಾರೂ ಅವಸರಪಡಿಸಲಿಲ್ಲ. ದಿನದ ಕೆಲಸ ಬರವಣಿಗೆಯನ್ನು ಕೊಲ್ಲುತ್ತದೆಂಬ ಮಾತನ್ನು ನಾನು ನಂಬುವುದಿಲ್ಲ. ಹುಳುಮನೆ ನಿಮ್ಮ ಸಮಯವನ್ನು ಕಿತ್ತುಕೊಂಡಿದೆ, ನಿಜ; ಆದರೆ ನೀವು ಬರೆದ ಬರ ಎಂಥದ್ದೆಂದು ಬಲ್ಲವರು ಸೊಪ್ಪಿಗೆ ನೀರಿಲ್ಲದೆ ಬೆಳೆ ಕಳೆದುಕೊಂಡವರೇ.

ತೆಲುಗಿನ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಬಾಗೇಪಲ್ಲಿ, ಚಿಂತಾಮಣಿ, ಶಿಡ್ಲಘಟ್ಟ, ಶ್ರೀನಿವಾಸಪುರದ ಮನೆಗಳಲ್ಲಿ ಅಡುಗೆಮನೆಯ ಮಾತು ಒಂದು, ಹಜಾರದ ಮಾತು ಇನ್ನೊಂದು. ಒಂದೇ ವಾಕ್ಯ ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ. ಕೈವಾರದ ತಾತಯ್ಯನವರು ಎರಡೂ ಭಾಷೆಗಳಲ್ಲಿ ಹಾಡಿದರು, ನಮ್ಮ ಜನ ಇವತ್ತಿಗೂ ಎರಡನ್ನೂ ಒಂದೇ ಭಜನೆಯಲ್ಲಿ ಹಾಡುತ್ತಾರೆ. ಧಾರವಾಡದ ಮಾತು, ಕುಂದಾಪುರದ ಮಾತು, ಕಲಬುರಗಿಯ ಮಾತು ಕನ್ನಡ ಕಾದಂಬರಿಯೊಳಗೆ ತಲೆ ಎತ್ತಿಕೊಂಡು ಬಂದಿರುವಾಗ ನಮ್ಮ ಸೀಮೆಯ ಮಾತು ಮಾತ್ರ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರಬೇಕೆನ್ನುವುದು ಯಾವ ನ್ಯಾಯ? ನಿಮ್ಮ ಮುದುಕಿ ಬತ್ತಿದ ಕೆರೆಯ ಅಂಗಳದಲ್ಲಿ ನಿಂತು ಶುದ್ಧ ಗ್ರಾಂಥಿಕ ಕನ್ನಡದಲ್ಲಿ ಅತ್ತರೆ ನಾನಂತೂ ನಂಬಲಾರೆ.

ಆ ಇಬ್ಬರು ಉತ್ತರಿಸಲಿಲ್ಲವೆಂದು ನೊಂದಿದ್ದೀರಿ. ನಿಮ್ಮ ನೋವು ನ್ಯಾಯವಾದದ್ದು. ಕನ್ನಡ ಪ್ರಕಾಶನದಲ್ಲಿ ಇಂದು ಕಾಗದವಿದೆ, ಯಂತ್ರವಿದೆ, ಬಣ್ಣದ ಮುಖಪುಟವಿದೆ; ಹಸ್ತಪ್ರತಿಯನ್ನು ಕೂತು ಓದುವ ಮನುಷ್ಯನಿಲ್ಲ. ಬೆರಳೆಣಿಕೆಯ ಪ್ರಕಾಶಕರನ್ನು ಬಿಟ್ಟರೆ ಸಂಪಾದಕರನ್ನು ಸಂಬಳಕ್ಕೆ ಇಟ್ಟುಕೊಂಡವರನ್ನು ನಾನು ಕಾಣೆ. 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಆರಂಭವಾದಾಗ ಅದು ಚಂದಾದಾರರನ್ನು ನೆಚ್ಚಿಕೊಂಡಿತ್ತು. ಓದುವವರು ಯಾರೆಂದು ಗೊತ್ತಿದ್ದುದರಿಂದ ಅವರಿಗೆ ಏನು ಕೊಡಬೇಕೆಂಬ ಅಂಜಿಕೆಯೂ ಇತ್ತು. ಈಗ ಅನೇಕ ಪುಸ್ತಕಗಳು ಓದುಗರನ್ನು ನೆನೆದು ಅಚ್ಚಾಗುವುದೇ ಇಲ್ಲ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆನೆದು ಅಚ್ಚಾಗುತ್ತವೆ. ಅಲ್ಲಿ ಬೆಲೆ ಕಟ್ಟುವುದು ಪುಟಗಳ ಲೆಕ್ಕದಲ್ಲಿ. ಹತ್ತು ಸಲ ತಿದ್ದಿ ಬರೆದ ಪುಟಕ್ಕೂ ಒಮ್ಮೆಯೂ ತಿದ್ದದ ಪುಟಕ್ಕೂ ಒಂದೇ ದರ. ಹಾಗಿರುವಾಗ ನನ್ನ ಆ 60 ಪುಟಗಳನ್ನು ತೆಗೆಯಿರಿ ಎಂದು ಯಾವ ಪ್ರಕಾಶಕ ಹೇಳಿಯಾನು? ನಾವು ಆಸ್ತಿ ತೆರಿಗೆಯ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಕಟ್ಟುತ್ತೇವೆ. ಆ ಹಣದಲ್ಲಿ ಬಂದ ಪುಸ್ತಕವನ್ನು ಯಾರಾದರೂ ಮೊದಲೇ ಓದಿರಲಿ ಎಂದು ಕೇಳುವ ಹಕ್ಕು ನಮಗಿಲ್ಲವೇ? ಸರ್ಕಾರದ ಕನ್ನಡ ಪುಸ್ತಕ ಪ್ರಾಧಿಕಾರ ಹೊಸಬರ ಚೊಚ್ಚಲ ಕೃತಿಗೆ ಸಹಾಯಧನ ಕೊಡುವುದು ಒಳ್ಳೆಯ ಕೆಲಸವೇ, ಆದರೆ ಅದು ಯುವ ಬರಹಗಾರರಿಗೆ. ಮಕ್ಕಳನ್ನು ಬೆಳೆಸಿ, ನಲವತ್ತು ದಾಟಿ, ಆಗ ಪೆನ್ನು ಹಿಡಿದ ಹೆಂಗಸಿಗೆ ಆ ಬಾಗಿಲೂ ಮುಚ್ಚಿದೆ. ಇನ್ನು ಬಿಡುಗಡೆ ಸಮಾರಂಭಗಳಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿಗಳಿಗೆ ಆಗುವ ಖರ್ಚಿನಲ್ಲಿ ಒಂದು ಹಸ್ತಪ್ರತಿಯನ್ನು ಇಬ್ಬರು ಜಾಣ ಓದುಗರಿಂದ ಓದಿಸಬಹುದೆಂದು ನಾನು ಇದೇ ಪುಟದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.

ಗೂಡಿನ ಹಣದಲ್ಲಿ ನಿಮ್ಮ ಮಗಳ ಕಾಲೇಜಿನ ಶುಲ್ಕ ಕಟ್ಟಿ. ಕರಾರನ್ನು ಸಹಿ ಹಾಕದೆ ಹಿಂದಕ್ಕೆ ಕಳಿಸಿ. ಈಗ ಸಾಕುತ್ತಿರುವ ಬೆಳೆ ಚಂದ್ರಿಕೆ ಹತ್ತಿ, ಮನೆ ತೊಳೆದು ಸುಣ್ಣ ಬಳಿದ ಮೇಲೆ, ಅತ್ತೆಯವರಿಗೆ ಓದಿ ಗುರುತು ಹಾಕಿದ ಪ್ರತಿಯ ಮೊದಲ ಐದು ಅಧ್ಯಾಯಗಳನ್ನು ಈ ಕಚೇರಿಯ ವಿಳಾಸಕ್ಕೆ ಕಳಿಸಿ. ಟೈಪ್ ಮಾಡಿದ್ದು ಬೇಡ, ಲೆಕ್ಕದ ಪುಸ್ತಕದ ಹಾಳೆಗಳ ನಕಲೇ ಇರಲಿ. ಆ ಮುಳಬಾಗಿಲಿನ ಮೇಷ್ಟ್ರು ಈಗ ಇಲ್ಲ. ಅವರು ನನ್ನದನ್ನು ಓದಿದಷ್ಟು ನಿಧಾನವಾಗಿ ನಿಮ್ಮದನ್ನು ನಾನು ಓದುತ್ತೇನೆ, ನನ್ನ ಅಭಿಪ್ರಾಯವನ್ನು ಅಂಚಿನಲ್ಲಿ ಸೀಸದ ಕಡ್ಡಿಯಲ್ಲಿಯೇ ಬರೆಯುತ್ತೇನೆ, ಒಪ್ಪದಿದ್ದರೆ ನೀವು ಅಳಿಸಿಹಾಕಬಹುದು. ತೆಲುಗು ಮಾತುಗಳಲ್ಲಿ ಒಂದನ್ನೂ ತೆಗೆಯಬೇಡಿ.