ಕಡಲಿಗೆ ಬೆನ್ನು ಹಾಕಿ ಕುಳಿತವರು

ಪುಣೆಯ ಚಿಂಚವಾಡದಿಂದ ಓದುಗರೊಬ್ಬರು, ಹೆಸರು ಬೇಡವೆಂಬ ಕೋರಿಕೆಯೊಡನೆ, ಹೀಗೆ ಬರೆದಿದ್ದಾರೆ: "ಮಗ ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನ ಓದುತ್ತಿದ್ದಾನೆ. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆಯ ಅರ್ಜಿಯಲ್ಲಿ ಯಾವ ಪಡೆ ಬೇಕೆಂದು ಕ್ರಮವಾಗಿ ತಿಳಿಸಬೇಕಂತೆ. ಅವನು ನೌಕಾಪಡೆ ಎನ್ನುತ್ತಾನೆ. ಬೆಳಗಾವಿಯಲ್ಲಿರುವ ನಮ್ಮ ಭಾವನವರು ಮರಾಠಾ ರೆಜಿಮೆಂಟಿನಲ್ಲಿದ್ದವರು. ಸೈನ್ಯವೆಂದರೆ ಭೂಸೇನೆಯೇ, ನೀರಿನ ಮೇಲಿನ ಬದುಕು ನಮ್ಮವರಿಗೆ ಒಗ್ಗುವುದಿಲ್ಲ ಎನ್ನುತ್ತಾರೆ. ಹುಡುಗನಿಗೆ ಈಜು ಕೂಡ ಬಾರದು. ಯಾವುದನ್ನು ಮೊದಲು ಬರೆಯಲಿ?"

ಸಹೋದರಿ, ನಿಮ್ಮ ಕೊನೆಯ ಪದದಲ್ಲೇ ನಾನು ಸ್ವಲ್ಪ ಹೊತ್ತು ನಿಂತೆ. ‘ಬರೆಯಲಿ’ ಎಂದರೆ ‘ನಾನು ಬರೆಯಲಿ’ ಎಂದೋ, ‘ಅವನು ಬರೆಯಲಿ’ ಎಂದೋ? ಕಾಗದದ ಧಾಟಿ ನೋಡಿದರೆ ಮೊದಲನೆಯದೇ ಇರಬೇಕು. ಮಗನ ಇಚ್ಛೆಗೆ ನೀವು ಕೊಟ್ಟದ್ದು ಮೂರು ಪದ, ಭಾವನವರ ಅಭಿಪ್ರಾಯಕ್ಕೆ ಎಂಟು.

ಭಾವನವರ ಮಾತಿಗೆ ತೂಕವಿಲ್ಲವೆಂದು ನಾನು ಹೇಳುವುದಿಲ್ಲ. 1949ರ ಜನವರಿ 15ರಂದು ಭೂಸೇನೆಯ ಚುಕ್ಕಾಣಿ ಹಿಡಿದ ಮೊದಲ ಭಾರತೀಯರಾದ ಕಾರ್ಯಪ್ಪನವರು ಕೊಡಗಿನವರು. 2016ರಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಜೀವ ಹಿಡಿದುಕೊಂಡಿದ್ದ ಹನುಮಂತಪ್ಪ ಕೊಪ್ಪದ ಧಾರವಾಡ ಜಿಲ್ಲೆಯ ಬೆಟದೂರಿನವರು. ಅವರ ಮುಂದೆ ಯಾರ ತಲೆಯೂ ಬಾಗಬೇಕು. ಆದರೆ ಅಪಾಯ ನೀರಿನಲ್ಲಿ ಮಾತ್ರ ಇದೆಯೆಂಬ ನಿಮ್ಮ ಅಳುಕಿಗೂ ಆ ಹಿಮವೇ ಉತ್ತರವಲ್ಲವೇ? ವಾಯುಪಡೆಯ ಮಾತನ್ನು ನೀವು ಎತ್ತಿಲ್ಲ, ನಾನೂ ಎತ್ತುವುದಿಲ್ಲ.

ನಮ್ಮ ಕಟ್ಟಡದಲ್ಲಿ ಕುಂದಾಪುರದ ಕಡೆಯವರೊಬ್ಬರಿದ್ದಾರೆ. ನೌಕಾಪಡೆಯ ಎಂಜಿನ್ ಕೋಣೆಗಳಲ್ಲಿ ದುಡಿದು ನಿವೃತ್ತರಾಗಿ ಇಪ್ಪತ್ತು ವರ್ಷಗಳಾದವು. ಅವರ ಮನೆಯ ಬಾಗಿಲಿಗೆ ಹೊಸ್ತಿಲಿಲ್ಲ. ಆದರೂ ಒಳಗೆ ಹೋಗುವಾಗ ಪ್ರತಿ ಸಲವೂ ಕಾಲನ್ನು ಗೇಣೆತ್ತರ ಎತ್ತಿ ಇಡುತ್ತಾರೆ, ಏಕೆಂದರೆ ಹಡಗಿನ ಬಾಗಿಲುಗಳಿಗೆ ನೀರು ತಡೆಯಲೆಂದು ಎತ್ತರದ ಕಬ್ಬಿಣದ ಅಂಚಿರುತ್ತದೆ. ಚಹಾ ಕೊಟ್ಟರೆ ಲೋಟ ಎಂದೂ ಅರ್ಧಕ್ಕಿಂತ ಮೇಲೆ ತುಂಬಿರುವುದಿಲ್ಲ. ಜಿಪುಣತನವೆಂದು ನನ್ನ ಮಡದಿ ಬಹಳ ಕಾಲ ತಿಳಿದಿದ್ದಳು. ತುಂಬಿದ ಲೋಟ ಹಡಗು ಹೊರಳಿದಾಗ ಕೈಸುಡುತ್ತದೆಂದು ಅವರೇ ಒಮ್ಮೆ ವಿವರಿಸಬೇಕಾಯಿತು. ಮೈಯೊಳಗೆ ಹೀಗೆ ಇಳಿದು ಕೂರುವ ಕೆಲಸವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಡಗಿನಲ್ಲಿ ಕಪ್ತಾನನಿಗೂ ಅಡುಗೆಯವನಿಗೂ ಒಂದೇ ತಳ. ಪಾಕಿಸ್ತಾನದೊಡನೆ ಯುದ್ಧ ನಡೆದಿದ್ದ 1971ರ ಡಿಸೆಂಬರ್ 9ರ ರಾತ್ರಿ ದೀವ್ ಬಳಿ ನಮ್ಮ ಯುದ್ಧನೌಕೆ ‘ಖುಕ್ರಿ’ ಮುಳುಗಿದಾಗ 18 ಅಧಿಕಾರಿಗಳೂ 176 ನಾವಿಕರೂ ಹೋದರು, ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಅದಕ್ಕೆ ಐದು ದಿನ ಮೊದಲು, ತೀರದ ಕಾವಲಿಗೆಂದು ತರಿಸಿದ್ದ ಪುಟ್ಟ ಕ್ಷಿಪಣಿ ದೋಣಿಗಳನ್ನು ಕರಾಚಿಯ ಬಾಗಿಲವರೆಗೆ ಒಯ್ದು ಹೊಡೆದವರೂ ಇದೇ ಪಡೆಯವರು. ಡಿಸೆಂಬರ್ 4 ನೌಕಾದಿನವಾದದ್ದು ಆ ರಾತ್ರಿಯಿಂದ.

‘ನಮ್ಮವರಿಗೆ ಒಗ್ಗುವುದಿಲ್ಲ’ ಎಂಬ ಮಾತು ಮಾತ್ರ ನನ್ನನ್ನು ಚುಚ್ಚಿತು. ನಮ್ಮವರೆಂದರೆ ಯಾರು? ನನ್ನ ತಂದೆ ಕಾರವಾರದಲ್ಲಿ ಸ್ಟೀಮರ್ ಹತ್ತಿ ಮುಂಬಯಿಯ ಬಂದರುಕಟ್ಟೆ ಭಾವುಚಾ ಧಕ್ಕಾದಲ್ಲಿ ಇಳಿದವರು. ಮುಂಬಯಿಯ ಕನ್ನಡಿಗರಲ್ಲಿ ಎಷ್ಟೋ ಮನೆತನಗಳ ಕಥೆ ಹೀಗೆಯೇ ಶುರುವಾಗುತ್ತದೆ. ಪೋರ್ಚುಗೀಸರಿಗೆ ಎದುರು ನಿಂತ ಉಳ್ಳಾಲದ ಅಬ್ಬಕ್ಕನ ನಾಡು ನಮ್ಮದು. ಕಾರವಾರದ ಎದುರಿಗಿರುವ ಅಂಜದೀವ ದ್ವೀಪವನ್ನು 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರಿಂದ ಬಿಡಿಸಲು ಹೋದ ಹಡಗುಗಳಲ್ಲಿ ಒಂದರ ಹೆಸರೇ ‘ಮೈಸೂರು’, ಅಲ್ಲಿ ಏಳು ನಾವಿಕರು ಪ್ರಾಣ ಕೊಟ್ಟರು. ಇಂದು ಅದೇ ಕಾರವಾರದಲ್ಲಿ ಕದಂಬ ನೌಕಾನೆಲೆಯಿದೆ. ಇಷ್ಟಿದ್ದೂ ನಾವು ಕಡಲಿಗೆ ಬೆನ್ನು ಹಾಕಿ ಕುಳಿತಿದ್ದೇವೆ. ಇಲ್ಲಿನ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಹೋಟೆಲು ಉದ್ಯಮಿಗೆ, ವೈದ್ಯರಿಗೆ, ಲೆಕ್ಕಪರಿಶೋಧಕರಿಗೆ ಶಾಲು ಹೊದಿಸುವುದನ್ನು ವರ್ಷವರ್ಷವೂ ನೋಡಿದ್ದೇನೆ. ನಾವಿಕನೊಬ್ಬನಿಗೆ ಹೊದಿಸಿದ್ದು ನನ್ನ ನೆನಪಿನಲ್ಲಿಲ್ಲ. ನಮ್ಮ ಪತ್ರಿಕೆಯೂ ಒಂದು ಮುಖಪುಟವನ್ನು ಅವರಿಗೆ ಕೊಟ್ಟಿಲ್ಲವೆಂದು, ನೀವು ಕೇಳುವ ಮೊದಲೇ ಒಪ್ಪಿಕೊಳ್ಳುತ್ತೇನೆ.

ಇನ್ನು ವ್ಯವಹಾರದ ಮಾತು. ಹನ್ನೆರಡನೆಯದರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇಲ್ಲದವರಿಗೆ ಎನ್‌ಡಿಎಯಲ್ಲಿ ಭೂಸೇನೆಯ ಬಾಗಿಲು ಮಾತ್ರ ತೆರೆದಿರುತ್ತದೆ. ಈ ಮೂರೂ ಇದ್ದರೆ ನಿಮ್ಮ ಮಗನಿಗೆ ಆ ತೊಡಕಿಲ್ಲ. 2024ರ ಅಧಿಸೂಚನೆಯಲ್ಲಿ ಭೂಸೇನೆಗೆ 208, ವಾಯುಪಡೆಗೆ 120 ಸ್ಥಾನಗಳಿದ್ದರೆ ನೌಕಾಪಡೆಗಿದ್ದದ್ದು ಕೇವಲ 42. ಆದ್ದರಿಂದ ಮೊದಲು ಬರೆದ ಮಾತ್ರಕ್ಕೆ ಸಿಕ್ಕೇಬಿಡುವುದಿಲ್ಲ, ಆದರೆ ಬೇಕಾದುದನ್ನು ಕೆಳಗೆ ಬರೆದು ಮೇಲಿನದು ದಕ್ಕಿಬಿಟ್ಟರೆ ಆಮೇಲೆ ಕೊರಗಬೇಕಾಗುತ್ತದೆ. ಆಯ್ಕೆಯಾದರೆ ಮೂರು ವರ್ಷ ನಿಮ್ಮೂರಿನ ಮಗ್ಗುಲಿನ ಖಡಕ್‌ವಾಸ್ಲಾದ ಅಕಾಡೆಮಿಯಲ್ಲೇ ಮೂರೂ ಪಡೆಯವರೊಡನೆ ಇರುತ್ತಾನೆ, ಅನಂತರ ಕೇರಳದ ಎಳಿಮಲದ ನೌಕಾ ಅಕಾಡೆಮಿ. ಈಜು ಅಲ್ಲೇ ಕಲಿಸುತ್ತಾರೆ. ಕಲಿತು ಹೋದರೆ ಒಳ್ಳೆಯದು, ಅಷ್ಟೆ.

ನಿಮ್ಮ ಪತ್ರವನ್ನು ನೆರೆಮನೆಯವರಿಗೆ ಓದಿ ಹೇಳಿದೆ. ಹುಡುಗನನ್ನು ಒಂದು ಭಾನುವಾರ ಮುಂಬಯಿಗೆ ಕಳುಹಿಸಿ, ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತೇನೆ ಎಂದರು. ಅವರದು ಒಂದೇ ಷರತ್ತು: ಒಬ್ಬನೇ ಬರಬೇಕು, ಜೊತೆಗೆ ಬಂಧುಗಳು ಬೇಡ.